ಬೆರಳು ತೂರುವಷ್ಟು ತೂತು

ಹೋದ ವಾರ ಪಂಪ್‌ಸೆಟ್ಟಿನ ಬಿಡಿಭಾಗ ತರಲೆಂದು ಮದ್ದೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಬ್ಬ ವೆಲ್ಡರು ಹಳೇ ಟ್ರೇಲರಿನ ತಳವನ್ನು ಗ್ಯಾಸ್ ಕಟ್ಟರಿನಿಂದ ಕತ್ತರಿಸುತ್ತಿದ್ದ. ಕಬ್ಬಿಣ ಕೆಂಪಗಾಗಿ, ಮೇಲಿನ ಬಣ್ಣ ಸುಟ್ಟು, ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಹುಲ್ಲು ಹೊಗೆಯಾಡಿ ಒಂದು ವಾಸನೆ ಎದ್ದಿತು. ನನಗೆ ಆ ವಾಸನೆ ಆಗಿಬರುವುದಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ಬೇಕರಿ ಕಟ್ಟೆಯ ಮೇಲೆ ಕುಸಿದು ಕೂತೆ. ಬೇಕರಿಯವನು ನೀರು ಕೊಟ್ಟು, "ಬಿಪಿನಾ ಯಜಮಾನ್ರೆ?" ಎಂದ. ಬಿಪಿಯೇ ಇರಲಿ ಅಂತ ತಲೆಯಾಡಿಸಿದೆ. ಅಲ್ಲಿ ಕೂತಷ್ಟು ಹೊತ್ತೂ ತಲೆಯಲ್ಲಿ ಇದ್ದದ್ದು ಎರಡು ವರ್ಷದ ಹಿಂದಿನ ಮಳೆಗಾಲ, ಬಂಡೂರಿನಲ್ಲಿ ನನ್ನ ತಂಗಿ ದೇವೀರಮ್ಮನ ಮನೆಯ ಜಗಲಿ.

ನಾನು ಕೊಪ್ಪದವನು. ಮೀಸೆ ಚಿಗುರುವಾಗ ಸೈನ್ಯ ಸೇರಿ, ಅದು ನರೆಯುವವರೆಗೂ ಟ್ಯಾಂಕುಗಳ ಜೊತೆ ಇದ್ದೆ. ಮೊದಲು ಒಳಗೆ ಕೂತು ಗುರಿ ಹಿಡಿದು ಹೊಡೆಯುವ ಕೆಲಸ. ಎಪ್ಪತ್ತೊಂದರ ಯುದ್ಧದಲ್ಲೂ ಅದೇ ಕೆಲಸ. ಆಮೇಲೆ ಹೊಸ ಹುಡುಗರಿಗೆ ಕಲಿಸುವ ಕೆಲಸ. ಯಾವ ಗುಂಡು ಎಷ್ಟು ದಪ್ಪದ ಉಕ್ಕನ್ನು ಹೇಗೆ ತೂರುತ್ತದೆ, ಯಾವ ಉಕ್ಕು ಯಾವ ಗುಂಡನ್ನು ಹೇಗೆ ತಡೆಯುತ್ತದೆ ಎಂದು ಹಿಂದಿಯಲ್ಲಿ ಬಾಯಿಪಾಠ ಮಾಡಿಸುತ್ತಿದ್ದೆ. ಗುಂಡಿಗೂ ಉಕ್ಕಿಗೂ ಇರುವುದು ದಾಯಾದಿ ಜಗಳ, ಯಾವ ಕೋರ್ಟಿನಲ್ಲೂ ತೀರುವಂಥದ್ದಲ್ಲ. ನಿವೃತ್ತಿಯಾಗಿ ಬಂದ ಮೇಲೆ ಊರಿನಲ್ಲಿ ಆ ಪಾಠವನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಗಸ್ಟ್ ಹದಿನೈದಕ್ಕೆ ಶಾಲೆಗೆ ಕರೆದು ಶಾಲು ಹೊದಿಸುತ್ತಾರೆ, ಮಾತಾಡಿ ಅನ್ನುತ್ತಾರೆ. "ಚೆನ್ನಾಗಿ ಓದ್ಕೊಳಿ ಮಕ್ಕಳೇ" ಅಂದು ಕೂತುಬಿಡುತ್ತೇನೆ.

ದೇವೀರಮ್ಮ ನನಗಿಂತ ಹತ್ತು ವರ್ಷ ಚಿಕ್ಕವಳು. ಗಂಡ ಬೇಗ ಹೋದ. ಕುರಿ ಸಾಕಿ ಒಬ್ಬನೇ ಮಗ ಮಾದೇಶನನ್ನು ಓದಿಸಿದಳು. ಅವನೂ ಸೈನ್ಯಕ್ಕೆ ಹೋದ, ಕಾಲಾಳುಗಳನ್ನು ಹೊತ್ತು ಸಾಗುವ ಉಕ್ಕಿನ ಗಾಡಿಗಳ ಕಡೆಗೆ. ಆ ವರ್ಷ ಅವನ ತುಕಡಿಯನ್ನು ದೂರದ ಒಂದು ದೇಶಕ್ಕೆ ಶಾಂತಿ ಕಾಯಲು ಕಳಿಸಿದ್ದರು. ಆ ದೇಶದ ಹೆಸರು ಅವಳ ಬಾಯಲ್ಲಿ ತಿರುಗುತ್ತಿರಲಿಲ್ಲ, "ಪಾರಿನ್ನು" ಅನ್ನುತ್ತಿದ್ದಳು. ಮುಂಗಾರು ಹಿಡಿದ ವಾರದಲ್ಲೇ ಅಲ್ಲಿನ ಕಾಡುದಾರಿಯಲ್ಲಿ ಯಾರೋ ಹೆಗಲ ಮೇಲಿಟ್ಟು ಹಾರಿಸುವ ರಾಕೆಟ್ಟಿನಿಂದ ಅವರ ಗಾಡಿಗೆ ಹೊಡೆದರು. ಮಾದೇಶ ಸತ್ತ. ಅವನ ಪಕ್ಕದಲ್ಲಿ ಕೂತಿದ್ದ ಬೆಳಗಾವಿ ಕಡೆಯ ಹುಡುಗ ಒಂದು ಕಿವಿ ಕಳೆದುಕೊಂಡು ಬದುಕಿದ.

ಪೆಟ್ಟಿಗೆ ಬಂದದ್ದು ಒಂದು ಮಧ್ಯಾಹ್ನ. ಬಾವುಟ ಹೊದಿಸಿದ್ದರು, ಮುಚ್ಚಳ ಭದ್ರ ಮಾಡಿದ್ದರು. ತೆಗೆಯುವ ಹಾಗಿಲ್ಲ ಎಂದು ಜೊತೆಗೆ ಬಂದ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ. ನನಗೆ ಹೇಳಬೇಕಾಗಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಹಾಗೇ ಕಳಿಸುವುದಿಲ್ಲ. ಮನೆಯವರು, ನೆಂಟರು ಒಬ್ಬೊಬ್ಬರಾಗಿ ಬಂದು ಮುಖ ನೋಡಿ ಬಾಯಿಗೆ ಅಕ್ಕಿಕಾಳು ಹಾಕುತ್ತಾರೆ. ದೇವೀರಮ್ಮ ಅಕ್ಕಿ ಹಿಡಿದ ಮುಷ್ಟಿಯನ್ನು ಬಿಚ್ಚಲೇ ಇಲ್ಲ. "ಮೊಕ ತೋರ್ಸಿ" ಎಂದು ಬಂದವರನ್ನೆಲ್ಲ ಕೇಳಿದಳು. ಘೋಷಣೆ ಕೂಗುವವರು, ವಿಡಿಯೊ ತೆಗೆಯುವವರು, ಬಿಳಿ ಕಾರಿನಲ್ಲಿ ಬಂದವರು ಎಲ್ಲ ಸೇರಿ ಜಡಿಮಳೆಯಲ್ಲಿ ಪೆಟ್ಟಿಗೆಯನ್ನು ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು. ಗೌರವಕ್ಕೆಂದು ಗುಂಡು ಹಾರಿಸಿದಾಗ ಕುರಿಗಳು ಬೆದರಿ ದೊಡ್ಡಿಯ ಬಿದಿರು ಮುರಿದುಕೊಂಡು ಓಡಿದವು. ದೇವೀರಮ್ಮ ಗುಂಡಿಯ ಹತ್ತಿರ ಬರಲಿಲ್ಲ, ಕುರಿಗಳ ಹಿಂದೆ ಹೋದಳು.

ಎರಡು ದಿನ ಬಿಟ್ಟು ಆ ಬೆಳಗಾವಿಯ ಹುಡುಗ ಮಾದೇಶನ ಹೆಂಡತಿ ಸುಧಾಳ ಫೋನಿಗೆ ಒಂದು ಫೋಟೊ ಕಳಿಸಿದ. ಯಾಕೆ ಕಳಿಸಿದನೋ, ಪಾಪ. ಅವನಿಗೂ ಯಾರಿಗಾದರೂ ತೋರಿಸಬೇಕಿತ್ತೇನೋ. ಫೋಟೊದಲ್ಲಿ ಗಾಡಿ ನಿಂತಿತ್ತು. ಸುಟ್ಟಿರಲಿಲ್ಲ, ಮಗುಚಿರಲಿಲ್ಲ. ಪಕ್ಕದ ತಗಡಿನಲ್ಲಿ ಸುತ್ತಲೂ ಮಸಿ ಹಿಡಿದ ಒಂದು ತೂತು, ಅಷ್ಟೆ.

"ನೋಡಣ್ಣ," ಎಂದು ದೇವೀರಮ್ಮ ಆ ಫೋನನ್ನು ನನ್ನ ಮೂಗಿಗೆ ಹಿಡಿದಳು. "ಗಾಡಿ ಎಂಗಿತ್ತೋ ಅಂಗೇ ಅದೆ. ಬೆರಳು ತೂರೋವಷ್ಟು ತೂತ್ನಲ್ಲಿ ಆಳೆತ್ತರದ ನನ್ ಮಗ ಎಂಗೆ ಸತ್ತೋದ? ಪಕ್ಕದಲ್ಲಿ ಕುಂತಿದ್ದೋನು ಬದ್ಕವ್ನೆ. ಇವ್ರು ಯಾರ್ದೋ ಪೆಟ್ಗೆ ತಂದು ನನ್ ವಲ್ದಲ್ಲಿ ಊತವ್ರೆ ಕಣಣ್ಣ."

ಮಣ್ಣು ಮಾಡಿದ ಜಾಗಕ್ಕೆ ಹಾಲುತುಪ್ಪ ಬಿಡಲು ಅವಳು ಬರಲಿಲ್ಲ. ಹನ್ನೊಂದನೇ ದಿನದ ತಿಥಿಯನ್ನು ಮಾಡಗೊಡಲಿಲ್ಲ. ದಿನಾ ಸಂಜೆ ಮಾದೇಶನ ಪಾಲಿನ ಒಂದು ಮುದ್ದೆಯನ್ನು ತಟ್ಟೆಯಲ್ಲಿ ಮುಚ್ಚಿಡುತ್ತಿದ್ದಳು, ಬೆಳಿಗ್ಗೆ ಅದು ಕುರಿಗಳ ಪಾಲಾಗುತ್ತಿತ್ತು. ಸುಧಾ ಕುಂಕುಮ ಇಡದೆ ಕಂಡರೆ ರಂಪ. ಅವಳು ಮದ್ದೂರಿನ ಗಾರ್ಮೆಂಟ್ಸಿಗೆ ಬಸ್ಸಿನಲ್ಲಿ ಹೋಗಿಬರುವವಳು. ಹೂ ಮುಡಿದು ಬಸ್ಸು ಹತ್ತಿದರೆ ಜೊತೆಯ ಹೆಂಗಸರು ಮಾತು ನಿಲ್ಲಿಸುತ್ತಿದ್ದರಂತೆ. ಕೊಪ್ಪಕ್ಕೆ ನನ್ನನ್ನು ಹುಡುಕಿಕೊಂಡು ಬಂದು ಕೊಟ್ಟಿಗೆಯ ಹತ್ತಿರ ನಿಂತೇ ಹೇಳಿದಳು.

"ಮಾವ, ಅಳಾಕೂ ಬುಡ್ತಿಲ್ಲ ನಮ್ಮತ್ತೆ. ನಾನು ಗಂಡ ಇರೋಳೋ ಇಲ್ದೋಳೋ ನಂಗೇ ತಿಳೀತಿಲ್ಲ. ಆ ತೂತು ಎಂಗಾಯ್ತು ಅಂತ ನೀವಾದ್ರೂ ಏಳಿ. ನಿಮ್ಗೆ ಗೊತ್ತಲ್ಲ."

ಗೊತ್ತಿತ್ತು. ಅದೇ ಕಷ್ಟ. ಆ ತೂತು ಹೇಗಾಯಿತು ಎಂದು ಸರಿಯಾಗಿ ಹೇಳಿದರೆ ಪೆಟ್ಟಿಗೆಯನ್ನು ಯಾಕೆ ತೆರೆಯಲಿಲ್ಲ ಎನ್ನುವುದನ್ನೂ ಹೇಳಿದ ಹಾಗೆ. ಹೇಳದೆ ಹೋದರೆ ಈ ಇಬ್ಬರು ಹೆಂಗಸರೂ ಹೀಗೇ ಉಳಿಯುತ್ತಾರೆ. ಗದ್ದೆಯನ್ನು ಮಗನಿಗೆ ಒಪ್ಪಿಸಿ, ಎರಡು ಪಂಚೆ ಬ್ಯಾಗಿಗೆ ತುರುಕಿಕೊಂಡು ಬಂಡೂರಿಗೆಂದು ಮಳವಳ್ಳಿ ಬಸ್ಸು ಹತ್ತಿದೆ.

ಆಷಾಢದ ಗಾಳಿ ಹೆಂಚು ಹಾರಿಸುವಂತೆ ಬೀಸುತ್ತಿತ್ತು. ಮಧ್ಯೆ ಮಧ್ಯೆ ಹನಿ. ಮನೆಯೆಲ್ಲ ಒದ್ದೆ ಉಣ್ಣೆಯ ವಾಸನೆ. ಬಂಡೂರು ಕುರಿ ನೋಡಿದವರಿಗೆ ಗೊತ್ತು, ಕುಳ್ಳು ಕಾಲು, ಪೀಪಾಯಿಯಂಥ ಮೈ. ಮಳೆಯಲ್ಲಿ ಅವುಗಳ ಗೊರಸು ಕೆಸರಿನಲ್ಲಿ ಕೊಳೆಯದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ದೇವೀರಮ್ಮ ಒಂದೊಂದನ್ನೇ ಮಡಿಲಿಗೆಳೆದು ಗೊರಸು ಕೆರೆಯುತ್ತ ಕೂರುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಪಾಠ ಹೇಳುತ್ತಿದ್ದೆ. "ಮೊದ್ಲಿಂದ ಏಳ್ತೀನಿ, ಸುಮ್ನೆ ಕೇಳು" ಅಂದಿದ್ದೆ. ಮೊದಲಿಂದ ಹಿಡಿದರೆ ಕೊನೆ ಮುಟ್ಟಲು ಬಹಳ ದಿನ ಬೇಕು, ಅಷ್ಟರಲ್ಲಿ ಇವಳಿಗೇ ಸಾಕಾಗುತ್ತದೆ ಅನ್ನುವುದು ನನ್ನ ಯೋಚನೆ.

ಬಾಣದಿಂದ ಶುರು ಮಾಡಿದೆ. ಹಿಂದಿನ ಕಾಲದ ಯೋಧರು ಕಬ್ಬಿಣದ ಉಂಗುರಗಳನ್ನು ಒಂದಕ್ಕೊಂದು ಕೋದು ಅಂಗಿಯಂತೆ ತೊಡುತ್ತಿದ್ದರು. ಕತ್ತಿ ಅದರ ಮೇಲೆ ಜಾರುತ್ತಿತ್ತು. ಆಗ ಬಾಣ ಮಾಡುವವರು ಅಗಲ ಮೊನೆ ಬಿಟ್ಟು, ಉಂಗುರದ ನಡುವೆ ಹೊಕ್ಕು ಅದನ್ನು ಸೀಳುವ ಸಪೂರ ಮೊನೆ ಮಾಡಿದರು. "ದಬ್ಬಳ ಮೂಟೆಗೆ ಓಯ್ತದಲ್ಲ, ಅಂಗೆ" ಎಂದಳು ದೇವೀರಮ್ಮ. ಹಾಗೇ. ಅದಕ್ಕೆ ಇವರು ಉಂಗುರ ಬಿಟ್ಟು ತಗಡು ತೊಟ್ಟರು. ತಗಡಿಗೆ ಬಂದೂಕು ಬಂತು. ಬಂದೂಕನ್ನು ತಡೆಯುವಷ್ಟು ದಪ್ಪ ತೊಟ್ಟರೆ ಮನುಷ್ಯ ನಡೆಯಲಾರ, ಕುದುರೆ ಹೊರಲಾರದು. ಹಾಗಾಗಿ ತಲೆಮಾರುಗಟ್ಟಲೆ ಸೈನಿಕರು ಬರೀ ಬಟ್ಟೆಯಲ್ಲೇ ಸತ್ತರು. ನೂರು ವರ್ಷದ ಹಿಂದಿನ ಮಹಾಯುದ್ಧದಲ್ಲಿ ಇಂಜಿನ್ನು ಬಂತು, ಮನುಷ್ಯ ಹೊರಲಾರದ ಕಬ್ಬಿಣವನ್ನು ಅದು ಹೊತ್ತಿತು. ಅದೇ ಟ್ಯಾಂಕು.

ಅವಳಿಗೆ ಬೇಸರವಾಗಲಿಲ್ಲ. ನನ್ನ ಕೈಕೆಳಗೆ ಓದಿದ ಹುಡುಗರಿಗಿಂತ ಗಮನವಿಟ್ಟು ಕೇಳಿದಳು. ಇಳಿಜಾರು ತಗಡು ಯಾಕೆ ಗಟ್ಟಿ ಎಂದು ತೋರಿಸಲು ಕಬ್ಬಿನ ಜಲ್ಲೆಯೊಂದನ್ನು ನೇರಕ್ಕೆ ಕಡಿದೆ, ಇನ್ನೊಂದನ್ನು ಓರೆಯಾಗಿ ಕಡಿದೆ. ಓರೆ ಕಡಿತದಲ್ಲಿ ಕತ್ತಿ ಎಷ್ಟು ಉದ್ದ ಹಾಯಬೇಕು ನೋಡು ಅಂದೆ. ಅವಳು ಬೆರಳಿಟ್ಟು ಅಳೆದು, "ನನ್ ಮಗನ ಗಾಡಿ ಪಕ್ಕೆ ನೆಟ್ಗದೆಯಲ್ಲ?" ಎಂದಳು. ಫೋಟೊ ಅವಳಿಗೆ ಬಾಯಿಪಾಠವಾಗಿತ್ತು. ಮುಂದೆ ಓರೆ, ಪಕ್ಕೆ ನೆಟ್ಟಗೆ, ಎಲ್ಲ ಗಾಡಿಗಳೂ ಹಾಗೇ, ಎದುರಿನಿಂದ ಬರುವುದನ್ನೇ ಮೊದಲು ಯೋಚಿಸುತ್ತಾರೆ ಎಂದೆ.

ಒಂದು ದಿನ ಮಾತಿನ ಭರದಲ್ಲಿ, ಮೊದಲ ಟ್ಯಾಂಕುಗಳ ಒಳಗಿದ್ದವರು ಕಬ್ಬಿಣದ ಬಲೆ ಇಳಿಬಿಟ್ಟ ಮುಖವಾಡ ಕಟ್ಟಿಕೊಳ್ಳುತ್ತಿದ್ದರು ಅಂದುಬಿಟ್ಟೆ. ದೇವೀರಮ್ಮನ ಕೈ ನಿಂತಿತು.

"ಯಾಕೆ?"

"ಗುಂಡು ಹೊರಗೆ ಬಡುದ್ರೆ ತಗಡಿನ ಒಳಮೈಯಿಂದ ಚಕ್ಕೆ ಸಿಡೀತಿತ್ತು. ಅದ್ಕೆ."

"ಗುಂಡು ಒಳೀಕೆ ಬರ್ದಿದ್ರೂವೆ?"

"ಬರ್ದಿದ್ರೂ."

"ಬಂದ್ರೆ?"

ಮಳೆ ಜೋರಾಯಿತು, ಒಣಗಲು ಹಾಕಿದ ಸೌದೆ ತರುತ್ತೇನೆ ಅಂತ ಎದ್ದೆ. ಅವತ್ತು ಸಂಜೆ ಮುದ್ದೆಯನ್ನು ಮುಚ್ಚಿಡುವಾಗ ಎಂದಿಗಿಂತ ಸಣ್ಣದು ಮಾಡಿದ್ದಳು.

ಶ್ರಾವಣದಲ್ಲಿ ಅಣೆಕಟ್ಟೆ ತುಂಬಿ ನೀರು ಬಿಟ್ಟರು. ಶಿವನಸಮುದ್ರದಲ್ಲಿ ಕಾವೇರಿ ಕೆಂಪಗೆ ಧುಮುಕುತ್ತಿದೆ ಎಂದು ಜನ ಜಾತ್ರೆಗೆ ಹೋದಂತೆ ಹೋಗುತ್ತಿದ್ದರು. ಮಳವಳ್ಳಿಯಲ್ಲಿ ಔಷಧಿ ಅಂಗಡಿಗೆ ಹೋದರೆ ರಸ್ತೆ ದಾಟಲಾಗದಷ್ಟು ಕಾರು. ಕಿಟಕಿಯಿಂದ ಮಕ್ಕಳು ಕೈ ಬೀಸುತ್ತಿದ್ದವು. ಯಾರ ಮೇಲೋ ತಿಳಿಯದ ಸಿಟ್ಟು ಬಂದು ಒಬ್ಬ ಡ್ರೈವರನಿಗೆ ಸುಮ್ಮನೆ ಬೈದೆ. ಅವನು ತಿರುಗಿಸಿ ಬೈದ. ಸ್ವಲ್ಪ ಹಗುರಾಯಿತು.

ಆ ತಿಂಗಳಲ್ಲೇ ರಾಕೆಟ್ಟಿನ ಪಾಠ ಬಂತು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮೂತಿಯೊಳಗೆ ಮದ್ದು ಇರುತ್ತದೆ, ಮದ್ದಿನ ಎದುರಿಗೆ ಆಲಿಕೆಯ ಆಕಾರದ ತಾಮ್ರದ ತಗಡು. ಮದ್ದು ಸಿಡಿದಾಗ ತಾಮ್ರ ಆ ಒತ್ತಡಕ್ಕೆ ನೀರಿನಂತೆ ಹರಿದು ಒಂದೇ ಸಣ್ಣ ಗೆರೆಯಾಗಿ ಮುಂದಕ್ಕೆ ನುಗ್ಗುತ್ತದೆ. ರಾಕೆಟ್ಟು ಹೊರಗೇ ಸಿಡಿದು ಪುಡಿಯಾಗುತ್ತದೆ, ಒಳಗೆ ಹೋಗುವುದು ಆ ಗೆರೆ ಮಾತ್ರ. "ಎಮ್ಮೆ ಆಲು ಕರೆಯೋವಾಗ ಗೆರೆ ಬಿದ್ದ ಕಡೆ ನೊರೆ ತೂತಾಯ್ತದಲ್ಲ, ಅಂಗೆ ಕಣವ್ವ" ಎಂದೆ. ಅದನ್ನು ತಡೆಯಲು ಟ್ಯಾಂಕಿನ ಮೈಗೆ ಮದ್ದಿನ ಇಟ್ಟಿಗೆ ಅಂಟಿಸಿದರು. ರಾಕೆಟ್ಟು ತಗುಲಿದ ಕೂಡಲೇ ಇಟ್ಟಿಗೆ ಸಿಡಿದು ಗೆರೆಯನ್ನು ಚದುರಿಸುತ್ತದೆ. ಅದಕ್ಕೆ ರಾಕೆಟ್ಟು ಮಾಡುವವರು ಒಂದರ ಹಿಂದೆ ಒಂದು ಎರಡು ಮದ್ದಿಟ್ಟರು, ಮೊದಲಿನದು ಇಟ್ಟಿಗೆಗೆ, ಎರಡನೆಯದು ಉಕ್ಕಿಗೆ.

ಟಿವಿಯಲ್ಲಿ ಬೇರೆ ಯಾವುದೋ ದೇಶದ ಯುದ್ಧ ತೋರಿಸುತ್ತಿದ್ದರು. ಟ್ಯಾಂಕುಗಳ ನೆತ್ತಿಯ ಮೇಲೆ ಕಬ್ಬಿಣದ ಸರಳಿನ ಚಪ್ಪರ. ಮೇಲಿಂದ ಡ್ರೋನು ಬಂದು ತೆಳು ಜಾಗ ನೋಡಿ ಬೀಳುತ್ತದಂತೆ. ನಾನು ನಲವತ್ತು ವರ್ಷದ ಹಿಂದೆ ಕಲಿಸಿದ್ದೆಲ್ಲ ಎದುರಿನ ತಗಡಿನ ದಪ್ಪದ ಬಗ್ಗೆ. ಈಗ ಚಿಲ್ಲರೆ ಯಂತ್ರವೊಂದು ನೆತ್ತಿಯಿಂದ ಇಳಿಯುತ್ತಿದೆ. ನೋಡಲು ಮನಸ್ಸಾಗದೆ ಗೋಡೆ ಕಡೆ ತಿರುಗಿದೆ. ದೇವೀರಮ್ಮ ಕಣ್ಣು ಕೀಳದೆ ನೋಡಿದಳು.

"ಕುರಿ ದೊಡ್ಡಿ ಗಳ ಇದ್ದಂಗವೆ. ನನ್ ಮಗನ ಗಾಡಿಗೆ ಇದ ಯಾಕ್ ಆಕ್ನಿಲ್ಲ?"

"ಆ ಗಾಡಿ ಹೊಳೆ ಈಜ್ಬೇಕು, ಕೆಸರು ದಾಟ್ಬೇಕು. ಭಾರ ಹೇರುದ್ರೆ ಮುಳುಗೋಯ್ತದೆ. ಎಲ್ಲಾ ಕಡೆ ದಪ್ಪ ಇಕ್ಕೋಕಾಗಲ್ಲ ಕಣವ್ವ. ಎಲ್ಲಾರ ಒಂದು ಕಡೆ ತೆಳ್ಳಗೆ ಬುಡ್ಲೇಬೇಕು."

"ಎಲ್ಲಿ ಬುಡ್ಬೇಕು ಅಂತ ಯಾರು ಏಳೋರು?"

ನಕ್ಷೆ ಬರೆಯುವವರು ಹೇಳುತ್ತಾರೆ, ಸರಕಾರಗಳು ಹೇಳುತ್ತವೆ. ತೆಳ್ಳಗೆ ಬಿಟ್ಟ ಕಡೆ ಯಾರಾದರೂ ಕೂರಲೇಬೇಕು ಎಂದು ಮಾತ್ರ ನನಗೆ ಗೊತ್ತಿತ್ತು. ಅವತ್ತು ಮಾದೇಶ ಅಲ್ಲಿ ಕೂತಿದ್ದ.

ಗೌರಿ ಹಬ್ಬ ಕಳೆದು ಮಳೆ ಹಿಂಗಾರಿನ ಗುಡುಗಿಗೆ ತಿರುಗಿತ್ತು. ಒಂದು ಮಧ್ಯಾಹ್ನ ಸುಧಾ ಕೆಲಸದಿಂದ ಬೇಗ ಬಂದು ಒಳಗೆ ಮಲಗಿದ್ದಳು. ದೇವೀರಮ್ಮ ಕುರಿ ಬಿಟ್ಟು ಬಂದು ನನ್ನ ಎದುರಿಗೆ ಕೂತಳು.

"ಅಣ್ಣ, ನೀನು ದಿನಾ ತಗಡಿನ್ ತಾವ ಬಂದು ನಿಂತ್ಕತೀಯ. ಬಾಣದಲ್ಲೂ ಅಲ್ಲೇ ನಿಂತೆ, ತಾಮ್ರದಲ್ಲೂ ಅಲ್ಲೇ ನಿಂತೆ. ನಾನೇನ್ ದಡ್ಡಿಯಾ? ಒಳೀಕೆ ಬಾ."

ಬಂದೆ. ಇನ್ನೇನು ಮಾಡಲಿ? ಗೆರೆಯಾಗಿ ಬಂದದ್ದು ಒಳಗೆ ಬಂದ ಮೇಲೆ ಗೆರೆಯಾಗಿ ಉಳಿಯುವುದಿಲ್ಲ ಅಂದೆ. ತಾಮ್ರ, ತಗಡಿನ ಚಕ್ಕೆ, ಬೆಂಕಿ. ಎದುರಿಗೆ ಸಿಕ್ಕವನನ್ನು ಹಿಡಿಯುತ್ತದೆ, ಗೇಣು ಆಚೆ ಕೂತವನನ್ನು ಬಿಡುತ್ತದೆ. ತೂತು ಇದ್ದದ್ದು ಮಾದೇಶನ ತಲೆಯ ಎತ್ತರಕ್ಕೆ. ಆದ್ದರಿಂದಲೇ ಮುಖ ತೋರಿಸಲಿಲ್ಲ ಅಂದೆ. ಇಷ್ಟನ್ನೂ ನೆಲ ನೋಡುತ್ತ ಹೇಳಿದೆ. ಸುಧಾ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಿದ್ದದ್ದು ಆಮೇಲೆ ಕಂಡಿತು.

ದೇವೀರಮ್ಮ ಅಳಲಿಲ್ಲ. "ನೋವಾಯ್ತಾ ಅವ್ನಿಗೆ?" ಎಂದಳು.

"ಇಲ್ಲ ಕಣವ್ವ. ಕಣ್ ರೆಪ್ಪೆ ಬಡಿಯೋವಷ್ಟೂ ಇಲ್ಲ."

"ನೀನೇನ್ ಅಲ್ಲಿದ್ಯಾ?"

ಅಲ್ಲಿ ಇರಲಿಲ್ಲ. ಆದರೆ ಬೇರೆ ಒಂದು ಕಡೆ ಇದ್ದೆ. "ನಾನ್ ಒಡ್ದ ಟ್ಯಾಂಕಿನ್ ಒಳೀಕೆ ಇಣುಕಿ ನೋಡಿವ್ನಿ. ಅದ್ಕೇ ಏಳ್ತಾ ಇರೋದು" ಎಂದೆ.

ಅವಳು ತಲೆಯೆತ್ತಿದಳು. ನಾನು ಯುದ್ಧಕ್ಕೆ ಹೋಗಿದ್ದೆ ಎನ್ನುವುದು ಊರಿಗೆಲ್ಲ ಗೊತ್ತು. ಹೊಡೆದ ಮೇಲೆ ಏನು ನೋಡಿದೆ ಎಂದು ಯಾರೂ ಕೇಳಿರಲಿಲ್ಲ, ನನ್ನ ಹೆಂಡತಿ ಕೂಡ.

"ಎಷ್ಟ್ ಜನ ಇದ್ರು?"

"ಒಬ್ಬ ಆಚೆ ನೆಗೆದು ಓಡೋದ. ಮೂರ್ ಜನ ಒಳಗೇ ಇದ್ರು."

"ಮೂರ್ ಜನವೂ ತಟ್ನೆ ಓದ್ರಾ?"

"ತಟ್ನೆ."

ತಟ್ಟನೆ ಹೋದವರು ಇಬ್ಬರೇ. ಮೂರನೆಯವನು ಬದುಕಿದ್ದ. ನನ್ನದೇ ವಯಸ್ಸು. ನಮ್ಮ ಕಡೆಯಿಂದ ಹೋದದ್ದು ಮದ್ದಿನ ಗುಂಡಲ್ಲ, ಸಪೂರವಾದ ಗಟ್ಟಿ ಲೋಹದ ಮೊನೆ; ಅದು ಅವರ ಎದುರಿನ ತಗಡನ್ನು ಹಾಯ್ದು ಒಳಗೆ ಚೂರಾಗಿತ್ತು. ಅವನು ನನ್ನ ಮುಖ ನೋಡಿ ನೀರು ಕೇಳಿದ. ನಾನು ನಮ್ಮ ಟ್ಯಾಂಕಿಗೆ ಓಡಿ ಬಾಟಲಿ ಹಿಡಿದು ಬರುವಷ್ಟರಲ್ಲಿ ಮುಗಿದಿತ್ತು. ಇದನ್ನು ತಂಗಿಗೆ ಹೇಳಲಿಲ್ಲ. ಯಾವ ಅಣ್ಣ ಹೇಳುತ್ತಾನೆ?

ನನ್ನ ಮಾತನ್ನು ಅವಳು ನಂಬಿದಳು. ಅವತ್ತು ಸಂಜೆ ಮುದ್ದೆ ಮುಚ್ಚಿಡಲಿಲ್ಲ. ಆ ವಾರವೇ ತಿಥಿ ಮಾಡಿದೆವು. ದೇವೀರಮ್ಮ ಹೊಲದ ಮೂಲೆಗೆ ಹೋಗಿ ಹಾಲುತುಪ್ಪ ಬಿಟ್ಟು, ಮಣ್ಣಿನ ಮೇಲೆ ಬಿದ್ದು ಹೊರಳಾಡಿ ಅತ್ತಳು. ಸುಧಾ ಅತ್ತಳು. ನಾನೂ ಅತ್ತೆ. ಮನೆಗೆ ಬಂದ ಮೇಲೆ ಸೊಸೆಯ ಕೈ ಹಿಡಿದು, "ಬಳೆ, ಕುಂಕ್ಮ ನಿನ್ ಇಷ್ಟ ಕಣವ್ವ. ಇಕ್ಕೋ, ಬುಡು. ನಾನು ಕೇಳಾಕಿಲ್ಲ" ಎಂದಳು. ಸುಧಾ ಬಳೆ ಇಟ್ಟುಕೊಂಡಳು, ಕುಂಕುಮ ಬಿಟ್ಟಳು. ಬಸ್ಸಿನಲ್ಲಿ ಹೆಂಗಸರು ಮತ್ತೆ ಅವಳ ಜೊತೆ ಮಾತಾಡತೊಡಗಿದರಂತೆ.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ದಿನ. ಸತ್ತವರಿಗೆ ಏನು ಇಷ್ಟವೋ ಅದನ್ನೆಲ್ಲ ಎಲೆಗೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು ಸ್ವಲ್ಪ ಹೊತ್ತು ಆಚೆ ಕೂತಿರುತ್ತೇವೆ. ದೇವೀರಮ್ಮ ತನ್ನ ಕೈಯಾರೆ ಸಾಕಿದ ಟಗರನ್ನೇ ಕೊಯ್ಯಿಸಿದ್ದಳು. ಗಂಡನಿಗೆ ಬೀಡಿ ಕಟ್ಟು, ಮಾವನಿಗೆ ಜಗಿಯುವ ಕಡ್ಡಿಪುಡಿ, ಮಾದೇಶನಿಗೆ ಕಜ್ಜಾಯ, ರಮ್ಮಿನ ಬಾಟಲಿ. ಎಲ್ಲ ಮುಗಿಯಿತು ಅಂದುಕೊಂಡರೆ, ಸಾಲಿನ ಕೊನೆಗೆ ಇನ್ನೂ ಮೂರು ಎಲೆ ಹಾಸಿದಳು.

"ಇವು ಯಾರ್ಗೆ?" ಎಂದೆ. ಯಾರಿಗೆ ಎಂದು ತಿಳಿದೇ ಕೇಳಿದೆ.

"ನೀನ್ ನೋಡ್ದೋರ್ಗೆ. ಅವ್ರವ್ವಂದಿರ್ಗೆ ಮೊಕ ಸಿಕ್ತೋ ಇಲ್ವೋ. ಏನ್ ತಿಂತಿದ್ರು ಅಣ್ಣ ಅವ್ರು?"

"ಮಾಂಸ ತಿಂತಾರೆ. ಹೆಂಡ ಮುಟ್ಟಾಕಿಲ್ಲ."

ರಮ್ಮನ್ನು ಆ ಮೂರು ಎಲೆಗಳಿಂದ ದೂರಕ್ಕೆ ಸರಿಸಿದಳು. ಮುದ್ದೆ, ಸಾರು, ವಡೆ, ಒಳ್ಳೆ ಒಳ್ಳೆ ತುಂಡುಗಳನ್ನೇ ಆರಿಸಿ ಬಡಿಸಿದಳು. ಸಾಲಿಗೆಲ್ಲ ಒಂದು ಚೊಂಬು ನೀರು ಇಡುವುದು ಆ ಮನೆಯ ರೂಢಿ, ಅದನ್ನು ಗಂಡನ ಎಲೆಯ ಪಕ್ಕ ಇಟ್ಟಿದ್ದಳು. ಸುಧಾ ಧೂಪ ಹಾಕಿದಳು. ಕೈ ಮುಗಿಯಣ್ಣ ಎಂದಳು ದೇವೀರಮ್ಮ. ಮುಗಿಯಲು ಹೋದೆ. ಯಾವಾಗ ಎದ್ದು ಅಡಿಗೆಮನೆಗೆ ಹೋದೆನೋ, ಯಾವಾಗ ಹಂಡೆಗೆ ಲೋಟ ಅದ್ದಿದೆನೋ ನನಗೇ ತಿಳಿಯದು. ಆ ಲೋಟ ನೀರನ್ನು ತಂದು ಕೊನೆಯ ಎಲೆಯ ಮುಂದೆ ಇಟ್ಟೆ. ಇಡುವಾಗ ಅರ್ಧ ಎಲೆಯ ಮೇಲೇ ಚೆಲ್ಲಿತು.

ದೇವೀರಮ್ಮ ಲೋಟ ನೋಡಿದಳು. ನನ್ನ ಮುಖ ನೋಡಿದಳು.

"ಬುಡು ಅಣ್ಣ" ಎಂದಳು. ಒಳಗೆ ಹೋಗಿ ಇನ್ನೊಂದು ಲೋಟ ತುಂಬಾ ನೀರು ತಂದು, ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು, ಮಗನ ಎಲೆಯ ಮುಂದೆ ಇಟ್ಟಳು.